ಸೋಡಾ ಶಪಥ

“ಸ್ವಾಮಿ, ಆ ಡಬ್ಬದ ಮ್ಯಾಲೆ ಕಾಲಿಡಬ್ಯಾಡ್ರಿ! ಅದ್ರಾಗೆ ಸಿನಿಮಾ ಐತೆ!” ಕಂಡಕ್ಟರ್ ಕೂಗಿದ.

“ಸಿನಿಮಾ ಅಂತ ಗೊತ್ತಿದ್ದೇ ಇಟ್ಟಿರೋದು,” ಎಂದ ಚಿತ್ರಲಿಂಗಪ್ಪ.

ಎಪ್ಪತ್ತೆಂಟನೆಯ ಇಸವಿಯ ಒಂದು ಶುಕ್ರವಾರ. ಬಸ್ಸು ಚಿತ್ರದುರ್ಗ ಬಿಟ್ಟು ಹೊಳಲ್ಕೆರೆಯ ದಾರಿ ಹಿಡಿದಿತ್ತು. ಸೀಟಿನ ಮುಂದೆ ರೀಲು ಡಬ್ಬಗಳ ಎರಡು ಅಟ್ಟಿ. ಒಂದು ಹೊಳಲ್ಕೆರೆಯ ಟಾಕೀಸಿಗೆ, ಇನ್ನೊಂದು ಹೊಸದುರ್ಗದ್ದಕ್ಕೆ. ಚಿತ್ರಲಿಂಗಪ್ಪನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಹಗ್ಗ ಸಡಿಲಿಸಿ, ಎರಡೂ ಅಟ್ಟಿಗಳ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ, ತಳದ ಡಬ್ಬಗಳ ಮೇಲೆ ಹಾಯಾಗಿ ಕಾಲು ಚಾಚಿದ. ಊರು ಬಂದಾಗ ಸಭ್ಯಸ್ಥನಂತೆ ಮತ್ತೆ ಜೋಡಿಸಿ, ಹಗ್ಗ ಬಿಗಿದು ಇಳಿದ.

ಸಿನಿಮಾದವರ ಮೇಲೆ ಕಾಲಿಡುವುದೇ ಅವನ ಕಸುಬು. ದುರ್ಗದ ‘ಕೋಟೆ ಕಹಳೆ’ ವಾರಪತ್ರಿಕೆಯಲ್ಲಿ ‘ಪರದೆಗೆ ಪೊರಕೆ’ ಅಂಕಣ ಬರೆಯುತ್ತಿದ್ದ. ತಾಳ್ಯದ ಕುರಿ ವ್ಯಾಪಾರಿ ಪರಮೇಶ್ವರಪ್ಪ ತನ್ನ ಮೊದಲ ಸಿನಿಮಾ ತೆಗೆದಾಗ, “ಇದರಲ್ಲಿ ನಟಿಸಿದ್ದು ಕುರಿಗಳು ಮಾತ್ರ, ಉಳಿದವರು ಮೇಯುತ್ತಿದ್ದರು” ಎಂದು ಬರೆದಿದ್ದ. ಪರಮೇಶ್ವರಪ್ಪ ಮೂರು ದಿನ ಊಟ ಬಿಟ್ಟನಂತೆ.

ಚಿತ್ರಲಿಂಗಪ್ಪನ ಗೆಳೆಯ, ದುರ್ಗದ ಟಾಕೀಸಿನ ಮಾಲೀಕ ಮುರುಗೇಶಪ್ಪ, ಹಿಂದಿನ ವಾರ ಹೋಟೆಲಿನಲ್ಲಿ ಹತ್ತು ಜನರ ಮುಂದೆ ಕೇಳಿಯೇ ಬಿಟ್ಟಿದ್ದ. “ಲೇ ಚಿತ್ರಲಿಂಗ, ನೀನು ಸಿನಿಮಾ ನೋಡಲ್ಲ. ಯಾರು ತೆಗ್ದಿರೋದು ಅಂತ ಹೆಸ್ರು ನೋಡ್ತೀಯ, ಅಷ್ಟೆ. ಆ ಪರಮೇಶ್ವರಪ್ಪನ ಎರಡನೇದು ಬರ್ತೈತೆ. ಚೆನ್ನಾಗಿದ್ರೆ ಚೆನ್ನಾಗೈತೆ ಅಂತ ಬರೀತೀಯಾ?”

“ಆ ಕುರಿಯಪ್ಪನ್ನ ನನ್ನ ಪೆನ್ನು ಹೊಗಳಿದ ದಿನ,” ಚಿತ್ರಲಿಂಗಪ್ಪ ಟೇಬಲ್ಲು ಗುದ್ದಿದ, “ಪೆನ್ನು ಕೆಳಗಿಟ್ಟು ನಿನ್ನ ಟಾಕೀಸ್ನಾಗೆ ಗೋಲಿಸೋಡಾ ಮಾರ್ತೀನಿ!”

ಹತ್ತು ಜನ ಕೇಳಿಸಿಕೊಂಡರು. ಸಂಜೆಯೊಳಗೆ ದುರ್ಗವೆಲ್ಲ ಕೇಳಿಸಿಕೊಂಡಿತು.

ಹೊಳಲ್ಕೆರೆಯಲ್ಲಿ ಅಂದು ‘ಬಾವಿಯೊಳಗಿನ ಮೌನ’. ದೇಶವಿದೇಶ ಸುತ್ತಿ ಬಂದ ನಿರ್ದೇಶಕನ ಹೆಸರು ಪರದೆಯ ಮೇಲೆ ಬಿದ್ದಾಗ ಚಿತ್ರಲಿಂಗಪ್ಪ ಎದ್ದು ಕೈಮುಗಿದ. ಎಲ್ಲ ಸಿನಿಮಾಗಳಂತೆ ಮೊದಲು ನಾಯಕನ ಬಾಲ್ಯ. ಹುಡುಗನೊಬ್ಬ ಬಾವಿಯಲ್ಲಿ ಇಣುಕುತ್ತಾನೆ. ಹತ್ತು ನಿಮಿಷ ಇಣುಕಿಯೇ ಇಣುಕುತ್ತಾನೆ. ಬೆಂಚಿನವರು ಆಕಳಿಸಿದರು. ಆಮೇಲೆ ಹುಡುಗ ದೊಡ್ಡವನಾದ, ಮೀಸೆ ಬಂತು, ಟಗರೊಂದು ಧೂಳೆಬ್ಬಿಸಿ ನುಗ್ಗಿತು. ಟಾಕೀಸೆಲ್ಲ ಸಿಳ್ಳೆ.

ಪಕ್ಕದಲ್ಲಿ ಕೂತಿದ್ದ ಗಂಗಕ್ಕ ಎಂಬ ಮುದುಕಿ ಕೇಳಿದಳು. “ಏನಪ್ಪ, ಆ ಬಾವಿ ಹುಡುಗನೇ ಏನು ಇವ್ನು? ಮಕ ಬ್ಯಾರೆ ಐತಲ್ಲ?”

“ಅದೇ ಕಲೆ ಕಣವ್ವ. ಬಾವಿಯೊಳಗಿದ್ದ ಮೌನ ಟಗರಾಗಿ ಹೊರಗೆ ಬಂತು.”

“ಹಂಗಾರೆ ಬೋರ್ಡ್ ಹಾಕಬಾರ್ದಾ ಸಾಮಿ?”

ಪ್ರೊಜೆಕ್ಟರಿನ ಕಿಂಡಿಯಿಂದ ಆಪರೇಟರ್ ಅಜ್ಜಪ್ಪ ಎರಡು ಸಲ ತಲೆ ಹೊರಹಾಕಿ ಪರದೆ ನೋಡಿ, ತಲೆ ಕೆರೆದುಕೊಂಡ. ಚಿತ್ರಲಿಂಗಪ್ಪನಿಗೆ ಅವನ ಮೇಲೆ ಕನಿಕರ ಹುಟ್ಟಿತು. ಪಾಪ, ಇಂಥದ್ದು ಅವನ ಕೈಗೆ ಎಲ್ಲಿ ಸಿಕ್ಕಿತ್ತು? ಕತ್ತಲಲ್ಲೇ ಹತ್ತು ಪುಟ ಗೀಚಿದ. ಕೊನೆಯಲ್ಲಿ ಕಣ್ಣೊರೆಸಿಕೊಂಡ.

ಮರುದಿನ ಹೊಸದುರ್ಗ, ಆ ಎರಡನೇ ಸಿನಿಮಾ. ಪರಮೇಶ್ವರಪ್ಪನ ಹೆಸರು ತಮಟೆ ಸದ್ದಿನೊಂದಿಗೆ ಗೂಳಿಯ ಗಾತ್ರದಲ್ಲಿ ಬಂತು. ಬಾಲನಾಯಕ ಕುರಿಮರಿ ಹೊತ್ತು ಕಿರುಚುತ್ತ ಓಡಿದ. ಜನ ಕುಣಿದರು. ನಾಯಕ ದೊಡ್ಡವನಾದ ಮೇಲೆ ಮಾತೇ ಆಡಲಿಲ್ಲ. ಜನ ಒಬ್ಬೊಬ್ಬರೇ ಬೀಡಿ ಸೇದಲು ಎದ್ದರು, ಮರಳಿ ಬರಲಿಲ್ಲ. ಚಿತ್ರಲಿಂಗಪ್ಪ ಕಾಲಿನ ಮೇಲೆ ಕಾಲು ಹಾಕಿ ಕೊನೆಯವರೆಗೂ ಕೂತ. ಶತ್ರುವಿನ ಸೋಲನ್ನು ಪೂರ್ತಿ ನೋಡಬೇಕು.

ಮುಂದಿನ ಶುಕ್ರವಾರ ಪತ್ರಿಕೆ ಬಂತು. ಹತ್ತು ಗಂಟೆಗೆ ಪತ್ರಿಕೆಯ ಆಫೀಸಿಗೆ ಮುರುಗೇಶಪ್ಪನೂ ಬಂದ. ಹಿಂದೆ ಹೊಳಲ್ಕೆರೆಯ ಅಜ್ಜಪ್ಪ, ತಲೆಯ ಮೇಲೆ ಗೋಣಿ ಮುಚ್ಚಿದ ಪೆಟ್ಟಿಗೆ.

“ನಮಸ್ಕಾರ್ರಿ,” ಎಂದ ಮುರುಗೇಶಪ್ಪ. “ ಅಂಕಣ ಓದ್ರಿ, ಕೇಳಾಣ. ಪುರಾಣದಾಗೆ ಒಬ್ರು ಓದ್ತಾರೆ, ಒಬ್ರು ಅರ್ಥ ಹೇಳ್ತಾರಲ್ಲ, ಹಂಗೆ. ಅರ್ಥ ನಾನು ಹೇಳ್ತೀನಿ.”

‘ಲೇ’ ಹೋಗಿ ‘ರಿ’ ಬಂದದ್ದನ್ನು ಚಿತ್ರಲಿಂಗಪ್ಪ ಗಮನಿಸಿದ. ಸೋತವನ ವಿನಯ. ಗಂಟಲು ಸರಿಪಡಿಸಿಕೊಂಡು ರಾಗವಾಗಿ ಓದಿದ.

“‘ಪರಮೇಶ್ವರಪ್ಪನ ನಾಯಕ ಬಾಲ್ಯದಲ್ಲೇ ಮಾತು ಮುಗಿಸಿಕೊಂಡಿದ್ದಾನೆ. ಸಂಭಾಷಣೆ ಬರೆಸಲು ಕಾಸಿರಲಿಲ್ಲವೆಂದು ತೋರುತ್ತದೆ. ಇಂಥ ನಿದ್ದೆಯನ್ನು ಮನೆಯಲ್ಲಿ ಪುಕ್ಕಟೆ ಮಾಡಬಹುದು.’”

“ಆಹಾ! ಇನ್ನೊಂದು?”

“‘ಬಾವಿಯೊಳಗಿನ ಮೌನದಲ್ಲಿ ಟಗರಿನ ಕಾಳಗವಿದೆಯಲ್ಲ, ಅದು ಕನ್ನಡದ ಅಂತರಂಗದ ಕಾಳಗ. ಆ ಟಗರಿನ ಒಂದೊಂದು ಗುದ್ದಿನಲ್ಲೂ ಒಂದೊಂದು ಕಾವ್ಯವಿದೆ. ಇದನ್ನು ತೆಗೆದ ಮಹಾನುಭಾವನಿಗೆ ನಾಡೇ ಕೈಮುಗಿಯಬೇಕು.’”

ಮುರುಗೇಶಪ್ಪ ತಾಳ್ಯದ ದಿಕ್ಕಿಗೆ ತಿರುಗಿ ಭಕ್ತಿಯಿಂದ ಕೈಮುಗಿದ. ಆಮೇಲೆ ಅಜ್ಜಪ್ಪನಿಗೆ ಸನ್ನೆ ಮಾಡಿದ. ಅಜ್ಜಪ್ಪ ಪೆಟ್ಟಿಗೆ ಇಳಿಸಿ ಗೋಣಿ ತೆಗೆದ. ಎರಡು ಡಜನ್ ಗೋಲಿಸೋಡಾ.

“ಏನಿದು?”

“ತಪ್ಪಾತು ಸಾಮಿ,” ಎಂದ ಅಜ್ಜಪ್ಪ. “ನಾನು ಡಬ್ಬದ ನಂಬರ್ ನೋಡಿ ಹಾಕಾನು. ಒಂದಾದ ಮ್ಯಾಲೆ ಎರಡು. ನಮ್ಮೂರಾಗೆ ಅವತ್ತು ಒಂದನೇ ರೀಲು ಮಾತ್ರ ಬಾವೀದು. ಮಿಕ್ಕಿದ್ದೆಲ್ಲಾ ಪರಮೇಶ್ವರಪ್ಪನೋರ ಟಗರು. ಹೊಸದುರ್ಗದಾಗೆ ಮೊದ್ಲಿಗೆ ಅವ್ರ ಕುರಿ, ಆಮೇಲೆಲ್ಲಾ ಬಾವಿ. ಯಾವನೋ ಮಾರಾಯ ಬಸ್ಸಿನಾಗೆ ತಳದ ಒಂದನೇ ರೀಲು ಬಿಟ್ಟು, ಎರಡೂ ಅಟ್ಟಿಯ ಮ್ಯಾಗಳ ಡಬ್ಬ ಎಲ್ಲಾ ಇಳ್ಸಿ, ತಿರುಗಿ ಇಡೋವಾಗ ಅದಲುಬದಲು ಮಾಡ್ಯಾನೆ.”

ಚಿತ್ರಲಿಂಗಪ್ಪನ ಕೈಯಿಂದ ಪೆನ್ನು ತಾನಾಗಿ ಮೇಜಿನ ಮೇಲೆ ಇಳಿಯಿತು.

“ಕಂಡಕ್ಟರ್ ನಿಮಗೆ ಒಂದು ಮಾತು ಹೇಳಿ ಕಳ್ಸ್ಯಾನ್ರಿ,” ಮುರುಗೇಶಪ್ಪ ಸೋಡಾ ಪೆಟ್ಟಿಗೆಯನ್ನು ಮೆಲ್ಲಗೆ ಅವನತ್ತ ನೂಕಿದ. “‘ಸಿನಿಮಾದ ಮ್ಯಾಲೆ ಕಾಲಿಡಬ್ಯಾಡ್ರಿ ಅಂತ ಅವತ್ತೇ ಬಡ್ಕಂಡಿದ್ದೆ’ ಅಂತ.”