ಪುಸ್ತಕ ಮುಚ್ಚುವ ಹಾಳೆ

ಮಕ್ಕಳೇ, ನಿಮ್ಮ ಅಜ್ಜನ ಕಥೆಯನ್ನು ಅವರ ಕೊನೆಯ ಕಾಯಿಲೆಯ ದಿನಗಳವರೆಗೆ ಒಯ್ಯದೆ, ಅವರು ಹೊಸ ಸೈಕಲ್ ತಂದ ದಿನಕ್ಕೇ ಯಾಕೆ ನಿಲ್ಲಿಸುತ್ತೀ ಎಂದು ನೀವು ಕೇಳಿದಾಗ, ನಿಮ್ಮ ಕೈಯಲ್ಲಿದ್ದ ಕಾಮಿಕ್ಸ್ ಹಾಳೆಯ ವಾಸನೆಗೆ ನನಗೆ ಸಂಗೊಳ್ಳಿಯ ಒಂದು ಮಧ್ಯಾಹ್ನ ನೆನಪಾಯಿತು.

ನನಗಾಗ ಹತ್ತು ವರ್ಷ. ಕಾಕಾ ಬೈಲಹೊಂಗಲದಿಂದ ದಪ್ಪನೆಯ ಕಾಮಿಕ್ಸ್ ತಂದುಕೊಟ್ಟಿದ್ದ. ಬೇರೆ ಬೇರೆ ಪುಸ್ತಕಗಳ ಶೂರರೆಲ್ಲ ಅದೊಂದರಲ್ಲೇ ಕೂಡಿ ಕಾದಾಡುತ್ತಿದ್ದರು. ಕೊನೆಯ ಹಾಳೆಯಲ್ಲಿ ಎಲ್ಲರೂ ನೆಲಕ್ಕೆ ಬಿದ್ದಿದ್ದರು. ಉಳಿದ ಕಥೆ ಎರಡನೆಯ ಭಾಗದಲ್ಲಿತ್ತು. ಆ ಭಾಗ ಅಂಗಡಿಗೆ ಬಂದಿರಲೇ ಇಲ್ಲ. ನಾನು ಊಟ ಬಿಟ್ಟು ಅಳುತ್ತ ಕುಳಿತೆ.

ಶೇಂಗಾ ಸುಲಿಯುತ್ತಿದ್ದ ನನ್ನ ಅಜ್ಜಿ, ನಮ್ಮ ಆಯಿ, ಚಿತ್ರ ನೋಡಿದಳು.

"ಪ್ಯಾಂಟಿನ ಮ್ಯಾಲ ಚೊಣ್ಣ ಹಾಕ್ಕೊಂಡವ್ರ ಸಲುವಾಗಿ ಅಳಾಕತ್ತೀಯೇನ, ಖೋಡಿ?"

"ಎಲ್ಲಾರೂ ಸತ್ತಾರ, ಆಯಿ."

ಆಯಿ ಸೆರಗಿಗೆ ಕೈ ಒರೆಸಿಕೊಂಡಳು. "ಮಠದಾಗ ಸಾವಿನ ಮಾತಿಗೆ ಪುರಾಣ ನಿಲ್ಲಸೂದಿಲ್ಲವ್ವಾ. ಎಲ್ಲಾರೂ ಕೂಡಿ ನಿಂತದ್ದು ಎಲ್ಲೈತಿ? ಹೊಳ್ಳಿ ಅದನ್ನ ಓದು, ಅಲ್ಲೇ ಮುಚ್ಚು."

ಶೂರರೆಲ್ಲ ಗುಡ್ಡದ ಮೇಲೆ ಸಾಲಾಗಿ ನಿಂತು ನಗುತ್ತಿದ್ದ ಹಾಳೆಯನ್ನು ಹುಡುಕಿ, ಗಟ್ಟಿಯಾಗಿ ಓದಿದೆ. ಆಯಿ ಅಲ್ಲಿ ಗುರುತಿಗೆ ಒಂದು ಶೇಂಗಾ ಸಿಪ್ಪೆ ಇಟ್ಟು ಪುಸ್ತಕ ಮುಚ್ಚಿದಳು.

ಎರಡನೆಯ ಭಾಗ ಕೊನೆಗೂ ಬರಲಿಲ್ಲ. ಆದರೆ ಆ ಮಧ್ಯಾಹ್ನ ನಾನು ಎರಡು ರೊಟ್ಟಿ ತಿಂದು, ಮೇಲೆ ಬೆಲ್ಲವನ್ನೂ ಕೇಳಿ ಇಸಿದುಕೊಂಡೆ.