ನೀಲಾ ಕಂಡುಬಂದ ಸ್ಥಳಗಳು

ಸತ್ತವರು ಪತಂಗವಾಗಿ ಬರತೊಡಗಿದ ಮೇಲೆ ಹಳಿಯಾಳದ ಕಚೇರಿಯಲ್ಲಿ ಅದಕ್ಕೆಂದೇ ಒಂದು ಕೌಂಟರು ತೆರೆದಿದ್ದರು. ಮಗಳು ತೀರಿಕೊಂಡು ತಿಂಗಳಾದರೂ ಮನೆಗೆ ಬರಲಿಲ್ಲವೆಂದು ನಿಂಗವ್ವ ಅಲ್ಲಿಗೆ ವಿಚಾರಿಸಲು ಹೋದಳು.

ಗುಮಾಸ್ತ ಕಡತ ಬಿಚ್ಚಿ ಓದಿದ. "ನೀಲಾ, ವಯಸ್ಸು ಆರು. ಬೂದಿಬಣ್ಣದ ರೆಕ್ಕೆ, ಅಂಚಿಗೆ ಹಳದಿ ಚುಕ್ಕಿ, ಕಿರುಬೆರಳಿನ ಉಗುರಿನಷ್ಟು ಗಾತ್ರ. ಕಂಡುಬಂದ ಸ್ಥಳ: ಶಾಲೆ, ಅಳ್ನಾವರದ ಅಜ್ಜಿಮನೆ, ಸ್ವಂತ ಓಣಿಯ ಹನ್ನೊಂದು ಮನೆ."

"ನಮ್ಮ ಮನಿಗಷ್ಟ ಯಾಕ ಬರ್ಲಿಲ್ರಿ?"

ಅವನ ಮೂಗಿಗೆ ಅವಳ ಸೀರೆಯ ವಾಸನೆ ಬಡಿಯಿತು. "ಅಕ್ಕಾರ, ಮನ್ಯಾಗ ನುಸಿಗುಳಿಗಿ ಇಟ್ಟೀರೇನು?"

ಇಟ್ಟಿದ್ದಳು. ನೀಲಾಳ ಕೆಂಪು ಉಣ್ಣೆಯ ಸ್ವೆಟರನ್ನು ಪತಂಗದ ಹುಳ ತಿಂದು ತೂತು ಮಾಡಬಾರದೆಂದು ಟ್ರಂಕಿನ ತುಂಬ ಇಟ್ಟಿದ್ದಳು.

"ಆ ವಾಸನಿಗೆ ಒಳಗ ಬರಲಾರ್ದ ಎಂಟು ದಿವಸ ನಿಮ್ಮ ಕಿಟಕಿ ಹೊರಗ ಕುಂತಿತ್ತಂತ, ಬಾಜೂ ಮನಿಯವರು ಬರಸ್ಯಾರ. ಆಮ್ಯಾಲೆ ಎಲ್ಲೂ ಕಂಡಿಲ್ರಿ. ಇವುಕ್ಕ ಆಯುಷ್ಯ ಭಾಳ ಇರೂದಿಲ್ಲ." ಅವನು ಮೆಲ್ಲಗೆ ಕಡತಕ್ಕೆ ದಾರ ಕಟ್ಟಿದ.

ನಿಂಗವ್ವ ಮನೆಗೆ ಬಂದು ಗುಳಿಗೆಗಳನ್ನೆಲ್ಲ ಗಟಾರಕ್ಕೆ ಸುರಿದಳು. ಸ್ವೆಟರನ್ನು ಮೂರು ಸಲ ಒಗೆದು ತೆರೆದ ಕಿಟಕಿಯಲ್ಲಿ ಹರವಿದಳು. ಅಂದಿನಿಂದ ದಿನಾ ಬೆಳಿಗ್ಗೆ ಅದನ್ನು ಬೆಳಕಿಗೆ ಹಿಡಿದು, ಎಲ್ಲಾದರೂ ಒಂದು ತೂತು ಬಿದ್ದಿದೆಯೇ ಎಂದು ಹುಡುಕುತ್ತಾಳೆ.