ಹಳೇ ಕಿಟ್ಟು

ಲೊರೆಟಾ ಸ್ಟಾಂಬಾ ಒಂದು ತಗಡಿನ ಡಬ್ಬಿಯನ್ನು ವೆಂಡಲನ ಬಂದೂಕಿನಂಗಡಿಯ ಮೇಜಿನ ಮೇಲೆ ಕುಕ್ಕಿ, ಎಷ್ಟಕ್ಕಾದರೂ ಸರಿ, ಇಟ್ಟುಕೋ ಎಂದಳು. ಅವಳ ಗಂಡ ಹಾರ್ಲನ್‌ನ ಬಲಭುಜಕ್ಕೆ ಆಪರೇಷನ್ ಆಗಿತ್ತು. ಗುಂಡು ಹಾರುವಾಗ ರೈಫಲ್ಲು ಹಿಂದಕ್ಕೆ ಕೊಡುವ ಒದೆತ ಆ ಭುಜಕ್ಕೆ ಇನ್ನು ಆಗದು ಎಂದು ಡಾಕ್ಟರು ಹೇಳಿದಂದಿನಿಂದ, ಶನಿವಾರ ಗೆಳೆಯರೊಡನೆ ಗುರಿ ಹೊಡೆಯಲು ಹೋಗುವುದನ್ನು ಅವನು ಬಿಟ್ಟಿದ್ದ. ಅವರು ಕರೆಯಲು ಬಂದರೂ ಬಾಗಿಲು ತೆಗೆಯುತ್ತಿರಲಿಲ್ಲ. ಹೆಂಡತಿಯೊಡನೆ ಕೂಡ ಹೂಂ, ಉಹೂಂ ಅಷ್ಟೇ. ಈಗ ಬಂದೂಕಿನ ಸಾಮಾನನ್ನೆಲ್ಲ ಒಂದೊಂದಾಗಿ ಮಾರಿ ಬಾ ಎಂದು ಅವಳನ್ನು ಅಟ್ಟಿದ್ದ.

ವೆಂಡಲ್ ಮುಚ್ಚಳ ತೆಗೆದ. ಎಣ್ಣೆಕಾಗದದಲ್ಲಿ ಸುತ್ತಿದ, ತೋಟಾವನ್ನು ನಳಿಗೆಗೆ ತಳ್ಳುವ ಒಂದು ಬೋಲ್ಟು, ತೋಟಾ ತುಂಬಿಡುವ ಒಂದು ಮ್ಯಾಗಜಿನ್.

"ಇದೇನು ಗೊತ್ತಾ ನಿಮಗೆ?"

"ಗುಜರಿ. ಮಗಳು ಚಿಕ್ಕೋಳಿದ್ದಾಗ ತಂದಿದ್ದು. ಆಮೇಲೆ ಧೂಳು ಒರೆಸಿದ್ದೆಲ್ಲಾ ನಾನೇ."

ಇದು ಹಳೆಯ ಕನ್ವರ್ಷನ್ ಕಿಟ್ಟು, ಮಾಡುವವರು ನಿಲ್ಲಿಸಿ ಎಷ್ಟೋ ಕಾಲವಾಯಿತು, ಸಂಗ್ರಹಿಸುವವರು ಕೇಳಿದ ಬೆಲೆ ಕೊಟ್ಟು ಒಯ್ಯುತ್ತಾರೆ ಎಂದ ವೆಂಡಲ್. ಲೊರೆಟಾಳ ಮುಖ ಅರಳಿತು. ಆದರೆ ಅವನು ಡಬ್ಬಿಯನ್ನು ಅವಳತ್ತಲೇ ದೂಡಿದ. ರೈಫಲ್ಲಿನ ದೊಡ್ಡ ಬೋಲ್ಟು ತೆಗೆದು ಇದನ್ನು ಕೂರಿಸಿದರೆ ಅದೇ ರೈಫಲ್ಲು ಪುಟಾಣಿ ಪಾಯಿಂಟ್ ಟೂಟೂ ತೋಟಾ ಹಾರಿಸುತ್ತದೆ ಎಂದು ತಿಳಿಸಿದ.

"ಒದೆಯಲ್ವಾ?"

"ಬೆಕ್ಕಿನ ಮರಿ ತಲೆ ಉಜ್ಜಿದ ಹಾಗಿರುತ್ತೆ. ಮಾರೋದಿದ್ರೆ ಯಾವಾಗಲಾದ್ರೂ ತನ್ನಿ, ನಾನೇ ತಗೋತೀನಿ. ಮೊದ್ಲು ಇದನ್ನ ನಿಮ್ಮ ಯಜಮಾನರ ಕೈಗೆ ಕೊಡಿ."

ಹಾರ್ಲನ್ ಮುಖ ಸಿಂಡರಿಸಿದ. ಅದು ಮಕ್ಕಳಿಗೆ ಕಲಿಸುವ ಸಾಮಾನು, ಅದನ್ನು ಹಿಡಿದು ಹೋದರೆ ಗೆಳೆಯರು ನಕ್ಕಾರು ಎಂದ. ಲೊರೆಟಾ ವಾದಕ್ಕೆ ಇಳಿಯಲಿಲ್ಲ. ಕಿಟ್ಟನ್ನು ಅವನಿಂದಲೇ ರೈಫಲ್ಲಿಗೆ ಹಾಕಿಸಿ, ಮನೆಯ ಹಿಂದಿನ ಹಾಳು ಕಲ್ಲುಗಣಿಗೆ ಒಯ್ದು, ಖಾಲಿ ಡಬ್ಬಗಳನ್ನು ಸಾಲಾಗಿಟ್ಟು ತಾನೇ ಗುರಿ ಹಿಡಿದಳು. ಹೊಡೆದದ್ದೆಲ್ಲ ಮಣ್ಣಿಗೇ ಬಿತ್ತು. ಹಿಂದೆ ಬಂದು ನಿಂತಿದ್ದ ಹಾರ್ಲನ್‌ಗೆ ನೋಡಲಾಗಲಿಲ್ಲ.

"ಹಿಡಿಯೋ ರೀತೀನಾ ಅದು? ಕೊಡಿಲ್ಲಿ."

ಮೊದಲ ಡಬ್ಬ ಟಣ್ಣೆಂದು ಹಾರಿತು. ಅವನು ಭುಜವನ್ನು ಮುಟ್ಟಿ ನೋಡಿಕೊಂಡ. ನೋವಿರಲಿಲ್ಲ. ಮತ್ತೆ ಗುರಿ ಹಿಡಿದ. ಲೊರೆಟಾ ಪಕ್ಕಕ್ಕೆ ತಿರುಗಿ ಮೂಗೊರೆಸಿಕೊಂಡಳು.

ಆ ಶನಿವಾರ ಗೆಳೆಯರು ಬಾಗಿಲು ಬಡಿದಾಗ ಅವನು ಬೂಟು ಹಾಕಿಕೊಂಡು ಕಾದಿದ್ದ.

ಬೇಸಿಗೆ ಮುಗಿಯುವ ಹೊತ್ತಿಗೆ ಲೊರೆಟಾ ಬಿಸಿಬಿಸಿ ಸೇಬಿನ ಪೈ ಮಾಡಿ ವೆಂಡಲನ ಅಂಗಡಿಗೆ ತಂದಳು. ನಿನ್ನ ಉಪಕಾರ ತೀರಿಸಲು ಇಷ್ಟು ಸಾಲದು ಎಂದಳು. ಕಿಟ್ಟು ಹೇಗಿದೆ ಎಂದು ಅವನು ಕೇಳಿದ.

"ಆಗಾಗ ತೋಟಾ ಸಿಕ್ಕಿಹಾಕ್ಕೊಳ್ಳುತ್ತೆ."

ವೆಂಡಲನಿಗೆ ಇರಿಸುಮುರಿಸಾಯಿತು. ನಾಳೆಯೇ ತಂದುಕೊಡಿ, ಸ್ಪ್ರಿಂಗು ಬದಲಿಸಿ ಸರಿಮಾಡಿಕೊಡುತ್ತೇನೆ ಎಂದ.

"ಬೇಡ ಮಾರಾಯ, ಹಂಗೇ ಇರಲಿ," ಎಂದಳು ಲೊರೆಟಾ. "ಅದು ಸಿಕ್ಕಿಹಾಕ್ಕೊಂಡಾಗೆಲ್ಲ ಮುದುಕರಷ್ಟೂ ಸುತ್ತ ಸೇರ್ಕೊಂಡು ನಾನು ತೆಗೀತೀನಿ, ನೀನು ಬಿಡು ಅಂತ ಕಚ್ಚಾಡ್ತಾರೆ. ನಿನ್ನೆ ಹಾರ್ಲನ್ ಮನೆಗೆ ಬಂದಾಗ ಮಾತಾಡಿ ಮಾತಾಡಿ ಗಂಟಲು ಕಟ್ಟಿತ್ತು."